ಗಾಡಿ ಕೂಗಿದ ಹೊತ್ತು

೧೪-೧೧-೧೯೮೯, ಮಂಗಳವಾರ. ಅಣ್ಣಿಗೇರಿ.

ನಿದ್ದೆ ಬರುತ್ತಿಲ್ಲ. ಅಂಗಿಯ ಜೇಬಿನಲ್ಲಿ ಮಗಳು ನೀಲವ್ವನ ಎರಡು ಜಾತಕಗಳಿವೆ.

ಗಂಡಿನ ಕಡೆಯವರು ಗುರುವಾರ ಯರಗುಪ್ಪಿಯಿಂದ ಬರುತ್ತಾರೆ. ಕಂಪ್ಯೂಟರ್ ಜಾತಕವೇ ಬೇಕಂತೆ. ಅದಕ್ಕೇ ಇಂದು ಕಂಪ್ಯೂಟರ್ ಇಟ್ಟಿರುವ ಶಂಕ್ರಪ್ಪನ ಅಂಗಡಿಗೆ ಹೋದೆ. "ಹೆದರಬ್ಯಾಡ್ರಿ ಕಾಕಾ, ಅದೇನ ಕಡಿಯೂದಿಲ್ಲ. ನೀವ ಒತ್ರಿ" ಎಂದು ನನ್ನನ್ನೇ ಅದರ ಮುಂದೆ ಕೂಡಿಸಿದ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಹುಟ್ಟಿದ ವೇಳೆ ಕೇಳಿತು. ಸಂಜೆಯ ಗಾಡಿ ಕೂಗುವಾಗ ಹುಟ್ಟಿದಳೆಂದು ನನ್ನ ಹೆಂಡತಿ ಕಸ್ತೂರಿ ಹೇಳುತ್ತಿದ್ದಳು. ಆಗ ಗಾಡಿಯ ವೇಳೆ ಆರೂ ಇಪ್ಪತ್ತು. ಅದನ್ನೇ ಒತ್ತಿದೆ. ದೋಷವಿಲ್ಲ ಎಂದು ಬಂತು. ಜೀವ ಹಗುರಾಯಿತು.

ಶಂಕ್ರಪ್ಪ ನಕ್ಕ. "ಆ ಗಾಡಿ ಎಂದರ ಟೈಮಿಗೆ ಬಂದೈತೇನ್ರಿ ಕಾಕಾ?"

ಒಂದು ತಾಸು ತಡವೆಂದು ಮತ್ತೆ ಒತ್ತಿದೆ. ಕುಜ ಎಂಟನೇ ಮನೆಗೆ ಬಂದು ಕೂತ. ಈ ಹಾಳೆ ನೋಡಿದರೆ ಅವರು ಸಂಬಂಧ ಒಲ್ಲೆವು ಎನ್ನುತ್ತಾರೆ.

ಮನೆಗೆ ಬಂದಾಗ ನೀಲವ್ವ, "ಹೆಂಗ ಬಂತಪಾ?" ಎಂದಳು. "ಛಲೋ ಬಂದೈತಿ" ಎಂದೆ. ನಕ್ಕಳು. ತಾಯಿ ಹೋದ ಮೇಲೆ ಆಕೆ ನಕ್ಕದ್ದನ್ನು ನೋಡಿರಲಿಲ್ಲ.

ಆಕೆ ಹುಟ್ಟಿದ ಸಂಜೆ ಹುಬ್ಬಳ್ಳಿಯಿಂದ ಅದೇ ಗಾಡಿಯಲ್ಲಿ ಬಂದವನು ನಾನು. ಇಳಿದು ಓಡಿದ್ದು ನೆನಪಿದೆ. ಬಾಗಿಲಲ್ಲಿ ಸೂಲಗಿತ್ತಿ ದುರ್ಗವ್ವ, "ಹೆಣ್ಣ ಕೂಸರಿ, ಪೇಡೆ ತರ್ರಿ" ಎಂದದ್ದು ನೆನಪಿದೆ. ಹೊರಗೆ ಬೆಳಕಿತ್ತೋ, ಕತ್ತಲಾಗಿತ್ತೋ, ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ದುರ್ಗವ್ವನೂ ಈಗಿಲ್ಲ. ಕಸ್ತೂರಿಗೆ ಗೊತ್ತಿತ್ತು. ಬೇನೆ ತಿನ್ನುತ್ತ ನನ್ನ ದಾರಿ ಕಾದವಳು ಆಕೆ.

ಅವತ್ತು ನಾನು ತಡವಾಗಿ ಬಂದಿದ್ದೆನೇ, ಕಸ್ತೂರಿ? ಅಷ್ಟು ಹೇಳಿದ್ದರೆ ಗುರುವಾರ ಯಾವ ಹಾಳೆ ತೋರಿಸಬೇಕೆಂದು ತಿಳಿಯುತ್ತಿತ್ತು.