ಜೆಮ್ ಪಾಮ್‌ಫ್ರಿಯ ಮೇಲಿನ ಬಿಸಿಲು

೧೯೭೬ ಜೂನ್ ೨೪, ಗುರುವಾರ

ಬೆಳಿಗ್ಗೆ ಎದ್ದು ಪರದೆ ಬಿಗಿಯಾಗಿ ಎಳೆದೆ. ಗೋಡೆಯ ಮೇಲೆ ಐದೂ ಜನ ಕ್ಷೇಮ. ಬಾಗಿಲಲ್ಲಿಟ್ಟ ಹಾಲು ಎಂಟಕ್ಕೇ ಬೆಚ್ಚಗಾಗಿತ್ತು. ಕವೆಂಟ್ರಿಯಲ್ಲಿ ಇಂಥ ಬಿಸಿಲು ನಾನು ಕಂಡಿಲ್ಲ.

ತಂಗಿ ಐವಿ ಬಂದಳು. "ಮನೆಯೋ ಗವಿಯೋ ಇದು? ಕತ್ತಲಲ್ಲಿ ಐದು ಗಂಡಸರು ಮುಷ್ಟಿ ಬಿಗಿದು ನಿಂತಿದ್ದಾರೆ. ಅದಕ್ಕೇ ವಿಲ್ಫ್ ಅಣ್ಣ, ನಿನ್ನ ಯಾರೂ ಕಟ್ಕೊಳ್ಳಲಿಲ್ಲ."

ಆರಾಗಬೇಕು ಎಂದೆ. ತಲೆ ಚಚ್ಚಿಕೊಂಡಳು.

ಇವರು ನಮ್ಮೂರ ಮಗ್ಗದಲ್ಲೇ ನೇಯ್ದ ರೇಷ್ಮೆ ಚಿತ್ರಗಳು, ಬಿಸಿಲು ತಾಗಿದರೆ ಬಣ್ಣ ಹೋಗುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಆರು ಬಾಕ್ಸರುಗಳು, ಒಬ್ಬೊಬ್ಬನೂ ಅಂಗೈಯಗಲ. ಆರನೆಯ ಜೆಮ್ ಪಾಮ್‌ಫ್ರಿಯನ್ನು ಮೂವತ್ತು ವರ್ಷ ಎಲ್ಲೆಲ್ಲೋ ಹುಡುಕಿದೆ... ಎರಡು ಮೈಲಿ ಆಚೆ ತನ್ನ ಮೊಮ್ಮಗಳ ಮನೆಯ ಗೋಡೆಯ ಮೇಲೇ ಇದ್ದ! ಎಡ್ನಾ ಪಾಮ್‌ಫ್ರಿ. ಶಾಲೆಯ ಅಡುಗೆಮನೆಯಲ್ಲಿದ್ದು ನಿವೃತ್ತಳಾದವಳು. ಮನೆ ಬಿಡುತ್ತಿದ್ದಾಳೆ, ಚಿತ್ರ ಕೊಟ್ಟರೂ ಕೊಟ್ಟಾಳು. ಶನಿವಾರ ಚಹಾಕ್ಕೆ ಕರೆದಿದ್ದಾಳೆ.

ಜೂನ್ ೨೬, ರಾತ್ರಿ ಊಟ ಸೇರಲಿಲ್ಲ

ಕೆಡಿಸಿಬಿಟ್ಟೆ.

ಎಡ್ನಾ ಕೇಕ್ ತರಲು ಒಳಗೆ ಹೋದಳು. ಪಡುವಣ ಕಿಟಕಿ, ಪರದೆಯಿಲ್ಲ. ಸಂಜೆ ಬಿಸಿಲು ನೇರ ಜೆಮ್‌ನ ಎದೆಯ ಮೇಲೆ. ಸೊಂಟದ ಕೆಂಪು ಪಟ್ಟಿ ಆಗಲೇ ಹಳೆ ಇಟ್ಟಿಗೆಯ ಬಣ್ಣ. ನನಗೆ ಗೊತ್ತೇ ಆಗಲಿಲ್ಲ, ಕೈ ತಾನಾಗಿ ಹೋಯಿತು— ಬಿಸಿಲು ಕಂಡರೆ ಚಿತ್ರ ಸಂಗ್ರಹಿಸುವ ನಾವು ಮಾಡುವುದೇ ಅದು— ಚಿತ್ರವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟೆ.

ಎಡ್ನಾ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು.

"ಯಾರು ಹೇಳಿದ್ರು ನಿಮಗೆ?"

"ಏನು?"

"ಜೆಮ್ ದುಡ್ಡು ತಿಂದು ಪಂದ್ಯದಲ್ಲಿ ಬೇಕಂತಲೇ ಬಿದ್ದ ಅಂತ ಊರೆಲ್ಲ ಆಡಿಕೊಳ್ತು. ಅಜ್ಜಿ ಸಾಯೋವರೆಗೂ ತಾತನ ಮುಖ ಗೋಡೆ ಕಡೆಗೇ ಇತ್ತು. ನಮ್ಮಮ್ಮ ತಿರುಗಿಸಿ ಬೆಳಕಿಗೆ ಹಾಕಿದ್ಲು. ನೀವು ಕಾಲಿಟ್ಟು ಹತ್ತು ನಿಮಿಷ ಆಗಿಲ್ಲ, ಮಿಸ್ಟರ್ ಆರ್ಟನ್!"

ಬಣ್ಣ, ಬಿಸಿಲು, ರೇಷ್ಮೆ ಎಂದು ಏನೇನೋ ತೊದಲಿದೆ. ಟೋಪಿ ತಂದು ಕೈಗಿಟ್ಟಳು.

ಜೂನ್ ೨೮

ಕ್ಷಮೆ ಕೇಳಿ ಕಾಗದ ಬರೆದೆ. ಅದರಲ್ಲೂ ಎರಡು ಸಲ ಪರದೆಯ ಮಾತು ಬಂದಿತ್ತು. ಹರಿದೆ. ಮತ್ತೆ ಬರೆದೆ, ಮೂರೇ ಸಾಲು. ಅಂಚೆಗೆ ಹಾಕಿ ಬಂದ ಮೇಲೆ ಕೂರಲಾಗಲಿಲ್ಲ. ಐದಾದರೆ ಸಾಕು, ಅಲ್ಲಿ ಬಿಸಿಲು ಈಗ ಜೆಮ್‌ನ ಎದೆಗೆ ಬಂದಿರುತ್ತದೆ ಎನಿಸುತ್ತದೆ.

ಜುಲೈ ೯

ಎಡ್ನಾ ತಾನೇ ಬಂದಳು! ಕಂಕುಳಲ್ಲಿ ಟವೆಲ್ ಸುತ್ತಿದ ಪೊಟ್ಟಣ.

"ನಿಮ್ಮ ಕಾಗದ ಓದಿದೆ. ನಾನು ಹೋಗೋ ಮನೆಗೆ ಬಿಸಿಲೇ ಬರಲ್ಲ. ತಾತ ಮತ್ತೆ ಕತ್ತಲಲ್ಲಿರೋದು ಬೇಡ. ನಿಮ್ಮಲ್ಲೇ ಇರಲಿ. ಆದರೆ ಕಿಟಕಿಗೆ ಎದುರಾಗಿ. ಪರದೆ ಎಳೆಯೋ ಹಾಗಿಲ್ಲ, ತಿರುಗಿಸೋ ಹಾಗಿಲ್ಲ. ಗುರುವಾರ ಗುರುವಾರ ಬಂದು ನೋಡ್ತೀನಿ. ಮಾತು ತಪ್ಪಿದರೆ ಎತ್ಕೊಂಡು ಹೋಗ್ತೀನಿ."

ಹೂಂ ಎಂದೆ. ಮೊಳೆಯ ಜಾಗ ಅವಳೇ ತೋರಿಸಿದಳು. ನನ್ನ ಕಿಟಕಿಯೂ ಪಡುವಣದ್ದೇ... ಉಳಿದ ಐವರನ್ನು ಒಳಕೋಣೆಗೆ ಒಯ್ದೆ. ಆರೂ ಸಿಕ್ಕವು, ಒಟ್ಟಿಗಿಡುವಂತಿಲ್ಲ.

ಜುಲೈ ೧೨

ಬಿಸಿಲು ಐದೂ ಇಪ್ಪತ್ತಕ್ಕೆ ಚೌಕಟ್ಟು ಮುಟ್ಟುತ್ತದೆ. ಏಳಕ್ಕೆ ಬಿಡುತ್ತದೆ. ಇವತ್ತು ಹೊರಗೆ ಹೋದೆ, ನೋಡದಿದ್ದರೆ ನೋವಿಲ್ಲ ಎಂದು. ಬೀದಿ ಕೊನೆಯಿಂದ ವಾಪಸ್ ಓಡಿಬಂದೆ.

"ಒಂದು ಬಟ್ಟೆ ಹೊದಿಸು, ಅವಳಿಗೇನು ಗೊತ್ತಾಗತ್ತೆ?" ಎಂದಳು ಐವಿ.

ನನಗೆ ಗೊತ್ತಾಗುತ್ತದೆ.

ಜುಲೈ ೧೪

ಉಪಾಯ ಸಿಕ್ಕಿತು! ಕಿಟಕಿಗೆ ಬೆನ್ನು ಹಾಕಿ ಕುರ್ಚಿ ಇಟ್ಟು ಕೂತರೆ ನನ್ನ ತಲೆಯ ನೆರಳು ಸರಿಯಾಗಿ ಜೆಮ್‌ನ ಮೇಲೆ. ಬಿಸಿಲು ಸರಿದಂತೆ ಕುರ್ಚಿಯೂ ಸರಿಯಬೇಕು. ಕತ್ತು ಸುಡುತ್ತದೆ, ಸುಡಲಿ.

ಜುಲೈ ೨೨, ಗುರುವಾರ

ಹೋದ ಗುರುವಾರ ಬೆಳಿಗ್ಗೆ ಬಂದಿದ್ದ ಎಡ್ನಾ ಇವತ್ತು ಸಂಜೆ ಐದೂವರೆಗೆ ಬಂದಳು. ಹಿಂಬಾಗಿಲಿಂದ. ಸಿಕ್ಕಿಬಿದ್ದೆ.

"ಮನೆಯೊಳಗೆ ಟೋಪಿ ಯಾಕೆ?"

"ನೆರಳು ದೊಡ್ಡದಾಗಲಿ ಅಂತ."

ಗೋಡೆ ನೋಡಿದಳು. ನನ್ನ ಕತ್ತು ನೋಡಿದಳು, ಸಿಪ್ಪೆ ಏಳುತ್ತಿದೆ.

"ದಿನಾ ಹೀಗೇನಾ?"

"ತಿರುಗಿಸಿಲ್ಲ. ಪರದೆ ಎಳೆದಿಲ್ಲ. ಕೂತಿದ್ದೇನೆ, ಅಷ್ಟೆ."

ಎತ್ತಿಕೊಂಡು ಹೋಗುತ್ತಾಳೆ ಎಂದುಕೊಂಡೆ. ಊಟದ ಮೇಜಿನ ಕುರ್ಚಿ ಎಳೆದ ಸದ್ದು.

"ತಾತನ ಪಾದದ ಮೇಲೆ ಬಿಸಿಲು ಬಿದ್ದಿದೆ, ಕಾಣಲ್ವಾ? ಸರೀರಿ ಆ ಕಡೆ, ವಿಲ್ಫ್."

ಈಗ ಆರೂ ಹತ್ತು. ಇಬ್ಬರೂ ಕೂತಿದ್ದೇವೆ. ಈ ದಿನಚರಿ ಪುಸ್ತಕ ನನ್ನ ತೊಡೆಯ ಮೇಲೆ. "ಬರೆಯೋವಾಗ ನಿಮ್ಮ ಭುಜ ಅಲುಗತ್ತೆ, ತಾತನ ಮುಖಕ್ಕೆ ಬಿಸಿಲು ನುಗ್ತಿದೆ, ನಿಲ್ಲಿಸಿ" ಎನ್ನುತ್ತಿದ್ದಾಳೆ. ಇದೊಂದು ಸಾಲು ಮುಗಿಸಿ