ಏರಿಗೆ ಮಣ್ಣು ಹೊತ್ತವರು

ಗುಂಡ್ಲುಪೇಟೆ
೧೭-೩-೧೯೫೬

ಅಣ್ಣ ಚಿಕ್ಕಬೀರಯ್ಯನಿಗೆ, ಸಿಟ್ಟು ಇಳಿಯದ ತಂಗಿ ರಾಚಮ್ಮ ಬರೆಯುವುದು.

ನಿನಗೆ ಓದು ಬಾರದು. ನಿನ್ನ ಮಗಳು ಪುಟ್ಟಿ ಓದಿ ಹೇಳುತ್ತಾಳೆ. ನಡುವೆ ಎದ್ದು ಹೋಗಬೇಡ. ನಾನೂ ಬರೆಯುತ್ತ ನಾಲ್ಕು ಸಲ ಎದ್ದೆ. ಊರು ಬಿಟ್ಟು ಬಂದ ನನಗೆ ಜಾಗ ಕೊಟ್ಟಿರುವ ಟೀಚರ್ ತಾಹಿರಾ, "ಕೂತ್ಕೊಂಡು ಬರಿಯೇ, ನಮ್ಮನೆ ನೆಲ ಸವೆದೋದಾತು" ಅಂತ ಬೈದಳು.

ನಾನು ಶಾಲೆಯಲ್ಲಿ ಮಾಡಿದ್ದು ಪುಸ್ತಕದಲ್ಲಿದ್ದ ಪಾಠ. ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾದಲ್ಲಿ ಒಬ್ಬ ಚಕ್ರವರ್ತಿ. ಮಹಾಗೋಡೆ ಕಟ್ಟಿಸಿದ. ಚರಿತ್ರೆ ತನ್ನಿಂದಲೇ ಶುರುವಾಗಬೇಕೆಂದು ಹಳೆಯ ಪುಸ್ತಕಗಳನ್ನು ಸುಡಿಸಿದ. ಬೇಸಾಯದ್ದು, ಮದ್ದಿನದು, ಶಕುನದ್ದು ಮಾತ್ರ ಉಳಿಸಿದ. ಪುಟ್ಟಿ ಎದ್ದು ಕೇಳಿದಳು: "ಅತ್ತೆ, ಅಷ್ಟು ಕಲ್ಲ ರಾಜ ಒಬ್ನೇ ಒತ್ಬುಟ್ನಾ?"

ಹೊತ್ತವರ ಹೆಸರು ಪುಸ್ತಕದಲ್ಲಿರಲಿಲ್ಲ. ನಮ್ಮೂರ ಕೆರೆಯ ಕಲ್ಲಿನ ಮೇಲೂ ಇಲ್ಲ. ಅಲ್ಲಿರುವುದು ಶಾಲಾ ಕಮಿಟಿ ಅಧ್ಯಕ್ಷ ಮರಿಮಲ್ಲಪ್ಪನ ಅಪ್ಪನ ಹೆಸರೊಂದೇ. ಏರಿಗೆ ಮಣ್ಣು ಹೊತ್ತವರು ಯಾರೆಂದು ಮನೆಯಲ್ಲಿ ಕೇಳಿ ಬರೆದು ತನ್ನಿ ಅಂದೆ. ಮಕ್ಕಳು ತಂದರು. ಅಷ್ಟೇ ನನ್ನ ತಪ್ಪು.

ಸೋಮವಾರ ಮರಿಮಲ್ಲಪ್ಪ ಬಂದು ಕಿರುಚಿದ: "ಚೀನಾ ಪಾಠ ಏಳ್ಕೊಡು ಅಂದ್ರೆ ನನ್ ಕೆರೆ ಏರಿ ಅಗೀತಿಯೇನಮ್ಮಿ?" ಹೆಸರು ಬರೆದಿದ್ದ ಮಕ್ಕಳ ಪುಸ್ತಕಗಳನ್ನು ಶಾಲೆಯ ಅಂಗಳದಲ್ಲಿ ರಾಶಿ ಹಾಕಿಸಿದ. ಕಡ್ಡಿ ಗೀರಿದವನು ಅವನಲ್ಲ. ಅವನ ಆಳು. ನೀನು. ನಾನು ಅಡ್ಡ ಬಂದರೆ, "ಬುಡಮ್ಮಿ, ಬರೀ ಕಾಗ್ದ ಕಣ" ಅಂದೆ.

ಬರೀ ಕಾಗದವಲ್ಲ ಅಣ್ಣ. ಅದರಲ್ಲಿ ಎರಡನೇ ಹೆಸರು ನಮ್ಮಪ್ಪನದು. ಏರಿ ಕುಸಿದು ಅಪ್ಪ ಸತ್ತಾಗ ಮರಿಮಲ್ಲಪ್ಪನ ಮನೆಯಿಂದ ಹೆಣಕ್ಕೆ ಹೊದಿಸುವ ಕೋಡಿ ಬಟ್ಟೆಯೂ ಬರಲಿಲ್ಲ. ಕಾಗದದ ಮೇಲೆ ಒಂದು ಸಲ ಬಂದಿದ್ದ ಅಪ್ಪನನ್ನು ನೀನೇ ಸುಟ್ಟೆ. ನಿನಗೆ ಗೊತ್ತಿರಲಿಲ್ಲ. ಓದು ಬಾರದ ಹಾಗೆ ನಿನ್ನನ್ನು ಏಳನೇ ವಯಸ್ಸಿಗೇ ದನದ ಹಿಂದೆ ಅಟ್ಟಿದವರಿಗೆ ಗೊತ್ತಿತ್ತು.

ಬರುವ ಸೋಮವಾರ ಚಾಮರಾಜನಗರದ ಕಚೇರಿಯಲ್ಲಿ ಶಾಲಾ ಇನ್ಸ್‌ಪೆಕ್ಟರ್ ಮುಂದೆ ವಿಚಾರಣೆ. ಪುಸ್ತಕ ಸುಟ್ಟೇ ಇಲ್ಲ, ನಾನೇ ಕತೆ ಕಟ್ಟಿದೆ ಅಂತ ಮರಿಮಲ್ಲಪ್ಪ ಅರ್ಜಿ ಕೊಟ್ಟಿದ್ದಾನೆ. ಕ್ಷಮಾಪಣೆ ಬರೆದರೆ ಕೆಲಸ ಉಳಿಯುತ್ತದಂತೆ. ಬರೆಯುವುದಿಲ್ಲ. ನೀನು ಬಂದು, ಕಡ್ಡಿ ಗೀರಿದವನು ನಾನೇ, ಗೀರು ಅಂದವನು ಅವನು ಅಂತ ಒಂದು ಮಾತು ಹೇಳು. ಅವನು ನಿನ್ನನ್ನು ಕೆಲಸದಿಂದ ಬಿಡಿಸುತ್ತಾನೆ, ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದೇನೆ.

ಅಪ್ಪನ ಮಗಳು,
ರಾಚಮ್ಮ

ತಾ.ಕ.: ಪುಟ್ಟಿ, ಇದನ್ನೂ ಜೋರಾಗಿ ಓದು, ಹೆದರಬೇಡ. ಅಣ್ಣ, ಮೇಲೆ ಬರೆದ ಧೈರ್ಯ ಅರ್ಧ ಸುಳ್ಳು. ಕ್ಷಮಾಪಣೆ ಕಾಗದಕ್ಕೆ ಸಹಿ ಹಾಕಿ ಚೀಲದಲ್ಲಿಟ್ಟುಕೊಂಡಿದ್ದೇನೆ. ನೀನು ಬರದಿದ್ದರೆ ಕೊಟ್ಟುಬಿಡುತ್ತೇನೇನೋ. ಇನ್ನೊಂದು. ಆ ಚಕ್ರವರ್ತಿಯ ಕಾಲದಲ್ಲಿ ಕೆಲವರು ಪುಸ್ತಕಗಳನ್ನು ಮನೆಯ ಗೋಡೆಯೊಳಗೆ ಬಚ್ಚಿಟ್ಟರಂತೆ. ಅವನು ಸತ್ತ ಮೇಲೆ ಅವು ಹೊರಗೆ ಬಂದವು. ಸೋಮವಾರ ಸಂಜೆ ನಾನು ನಮ್ಮ ಮನೆಯ ಹಳೇ ದೀಪದ ಗೂಡಿಗೆ ಮಣ್ಣು ಮೆತ್ತುತ್ತಿದ್ದಾಗ, "ಕೆಲ್ಸ ಓಯ್ತು, ಇನ್ನು ಗೋಡೆ ಬಳ್ಕೋ" ಅಂತ ಅಣಕಿಸಿದೆಯಲ್ಲ? ತಿದ್ದಲೆಂದು ಮೊದಲೇ ಮನೆಗೆ ತಂದಿದ್ದ ಪುಟ್ಟಿಯ ಪುಸ್ತಕ ಅದರೊಳಗಿದೆ. ಬರುವಾಗ ತೆಗೆದು ತಾ. ಅಪ್ಪ ಕಟ್ಟಿದ ಗೋಡೆ, ಮೆಲ್ಲಗೆ ಒಡೆ.