ಅವನ ಪಾಲಿನ ಪ್ರೊಸೆಸರ್

ಜನವರಿ 8

ಮತ್ತೆ ಹ್ಯಾಂಗ್. ಆರನೇ ಪುಟಕ್ಕೆ ಫೋಟೊ ಹಾಕಿದರೆ ಸಾಕು, ಸ್ಕ್ರೀನ್ ಕಲ್ಲಾಗುತ್ತದೆ. ರೀಸ್ಟಾರ್ಟ್. ಚಹಾ. ಮತ್ತೆ ಅದೇ ಪುಟ.

ಫೆಬ್ರುವರಿ ಒಂದಕ್ಕೆ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಮಿಕರ ಸಭೆ. ಅಷ್ಟರೊಳಗೆ ಕಲ್ಲಿನ ಧೂಳಿನ ಮೇಲಿನ ಈ ಕಿರುಹೊತ್ತಿಗೆ ಅಚ್ಚಾಗಬೇಕು. ನಮ್ಮ ಕರಪತ್ರ ಬಳಗ ಎಂದರೆ ಈಗ ನಾನೊಬ್ಬಳೇ. ಡಿಸೆಂಬರ್ ತನಕ ಇಬ್ಬರಿದ್ದೆವು.

ಬೀರಲಿಂಗನ ಬಗ್ಗೆ ಬರೆಯುವುದಿಲ್ಲ.

ಜನವರಿ 9

ಬರೆಯುತ್ತೇನೆ. ಒಂದೇ ಸಲ.

ನಾವು ಯಾವ ಕಾರ್ಖಾನೆಯ ವಿರುದ್ಧ ಬರೆಯುತ್ತಿದ್ದೆವೋ ಅದರ ಆಫೀಸಿನಲ್ಲೇ ಹಾಜರಿ ಬರೆಯುವ ಕೆಲಸಕ್ಕೆ ಸೇರಿದ. ಅವನಪ್ಪ ಹಣಮಪ್ಪ ಅಲ್ಲಿಯೇ ಕಲ್ಲು ಉಜ್ಜಿ ಎದೆ ಕೆಡಿಸಿಕೊಂಡವನು. ಆರನೇ ಪುಟದ ಎಕ್ಸ್‌ರೇ ಅವನದೇ. ಕೆಲಸಕ್ಕೆ ಸೇರಿದ ಮೇಲೂ ಬೀರಲಿಂಗನೇ ತಂದುಕೊಟ್ಟದ್ದು.

ಯಾಕೆ ಸೇರಿದೆ ಎಂದು ಕೇಳಿದ್ದಕ್ಕೆ, "ಕರಪತ್ರ ತೋರಿಸಿದ್ರ ದವಾಖಾನ್ಯಾಗ ಗುಳಿಗಿ ಕೊಡ್ತಾರೇನ, ಪದ್ಮಾ?" ಎಂದ.

ರಾಜಿ ಮೊದಲು ಮನೆಯೊಳಗಿಂದಲೇ ಹೊರಡುತ್ತದೆ ಎಂದೆ.

ನಕ್ಕ. "ಅದು ನಮ್ಮ ನಾಕನೇ ಕರಪತ್ರದಾಗಿಂದು. ನಾನ ಬರದದ್ದು."

ಏಳನೇ ಪುಟದಲ್ಲಿ ಅವನ ಹೆಸರು ಹಾಕಿ ಒಂದು ಪ್ಯಾರಾ ಬರೆದೆ. ದ್ರೋಹಿ ಎನ್ನುವ ಪದ ಎರಡು ಸಲ ಬಂದಿದೆ. ಬರೆಯುವಾಗ ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ.

ಜನವರಿ 12

ಹ್ಯಾಂಗ್ ಆಗುವುದಕ್ಕೆ ಪರಿಹಾರ ಹುಡುಕಿದೆ. ನಮ್ಮ ಕಂಪ್ಯೂಟರಿನ ಮಿದುಳು, ಪ್ರೊಸೆಸರ್, ಎರಡನೇ ಪೀಳಿಗೆಯದು. ಅದು ಕೂತಿರುವ ಇದೇ ಬೋರ್ಡಿಗೆ ಮೂರನೇ ಪೀಳಿಗೆಯದೂ ಕೂರುತ್ತದೆ. ಕೂರುವ ಸಾಕೆಟ್ ಇಲ್ಲೂ 1155, ಅಲ್ಲೂ 1155. ಬೋರ್ಡಿನ ವೆಬ್‌ಸೈಟ್ ಪಟ್ಟಿಯಲ್ಲೂ ಹೆಸರಿದೆ. ಹೊಸ ಕಂಪ್ಯೂಟರ್ ಬೇಡ. ಕೊಂಡು ಬಿಸಾಡುವ ಸಂಸ್ಕೃತಿಗೆ ಇದೇ ಉತ್ತರ. ಖುಷಿಯಾಗಬೇಕಿತ್ತು...

ಜನವರಿ 16

ಬಾಗಲಕೋಟೆ. ಜಾಫರಸಾಬನ ಹಳೇ ಕಂಪ್ಯೂಟರ್ ಅಂಗಡಿಯಲ್ಲಿ ಪ್ರೊಸೆಸರ್ ಸಿಕ್ಕಿತು.

"ಬೋರ್ಡ್ ತಂದೀಯೇನವಾ?"

"ಎಲ್ಲಾ ನೋಡೇನ್ರಿ. ಸಾಕೆಟ್ ಒಂದ."

"ಚಾಲೂ ಆಗದಿದ್ರ ಫೋನ್ ಮಾಡು."

ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಎಲ್ಲರೂ ಕರದಂಟಿಗೆ ಇಳಿದರು. ನಾನು ಇಳಿಯಲಿಲ್ಲ. ಮೊದಲಾದರೆ ಇಬ್ಬರೂ ಒಂದು ಪೊಟ್ಟಣ ಹಂಚಿಕೊಂಡು ತಿನ್ನುತ್ತಿದ್ದೆವು.

ಮನೆಗೆ ಬಂದವಳೇ ಹಳೆಯದನ್ನು ತೆಗೆದೆ. ಈ ಕಂಪ್ಯೂಟರ್ ಇಬ್ಬರೂ ಗುಜರಿಯಿಂದ ಕೂಡಿಸಿದ್ದು — ಬೋರ್ಡು ನಾನು ತಂದದ್ದು, ಪ್ರೊಸೆಸರ್ ಅವನದು. ಒರೆಸಿ, ಕಾಗದದಲ್ಲಿ ಸುತ್ತಿ, ನೇರ ಬೀರಲಿಂಗನ ಮನೆಗೆ ಹೋದೆ.

"ತಗೋ. ನಿನ್ನ ಪಾಲು."

"ಆಸ್ತಿ ಪಾಲು ಮಾಡಾಕತ್ತೀಯೇನು? ಬೋರ್ಡ್‌ದ್ದು ಬಯ—"

"ಮಾತು ಬ್ಯಾಡ."

ಅಂಗೈ ಮೇಲಿಟ್ಟು ತಿರುಗಿ ನೋಡದೆ ಬಂದೆ. ಕರಪತ್ರದಲ್ಲಿ ಹೀಗೆಯೇ ಬರೆಯುತ್ತಿದ್ದೆವು: ಸಂಬಂಧ ಕಡಿದರೆ ಪೂರ್ತಿ ಕಡಿಯಬೇಕು.

ಅದೇ ದಿನ, ಸಂಜೆ

ಹೊಸದು ಹಾಕಿದೆ. ಫ್ಯಾನ್ ತಿರುಗುತ್ತದೆ. ಸ್ಕ್ರೀನ್ ಕಪ್ಪು.

ಜನವರಿ 17

ಕಪ್ಪು. ಜಾಫರಸಾಬನಿಗೆ ಫೋನ್.

"ಬೋರ್ಡಿನ ಒಳಗ ಬಯೋಸ್ ಅಂತ ಒಂದು ಸಣ್ಣ ಪ್ರೋಗ್ರಾಮ್ ಇರ್ತೈತಿ. ಅದು ಹಳೇದಿದ್ರ ಹೊಸಾ ಪೀಳಿಗಿ ಗುರ್ತ ಹಿಡಿಯೂದಿಲ್ಲ. ಹಳೇ ಪ್ರೊಸೆಸರ್ ಹಾಕಿ ಚಾಲೂ ಮಾಡು, ಅಪ್‌ಡೇಟ್ ಮಾಡು. ಆಮ್ಯಾಲ ಹೊಸಾದು."

"ಹಳೇದು ಇಲ್ರಿ. ನಿಮ್ಮ ಹತ್ರ ಐತೇನ್ರಿ?"

"ಆ ಪೀಳಿಗಿದು ಒಂದೂ ಉಳಿದಿಲ್ಲ. ನಿಂದೆಲ್ಲಿ ಹೋತು?"

"ಒಬ್ರಿಗೆ ಕೊಟ್ಟೇನ್ರಿ."

"ಹಂಗಾರ ಇಸ್ಕೊಂಡ್ ಬಾ. ಅದರಾಗೇನೈತಿ!"

ಫೋನಿನಲ್ಲಿ ಆ ಪಟ್ಟಿಯನ್ನು ಮತ್ತೆ ತೆರೆದೆ. ಬಲಕ್ಕೆ ಸರಿಸಿದರೆ ಇನ್ನೊಂದು ಕಾಲಂ: ಯಾವ ಬಯೋಸ್ ಆವೃತ್ತಿಯಿಂದ ನಡೆಯುತ್ತದೆ ಎಂದು. ಅವತ್ತು ಸರಿಸಿರಲಿಲ್ಲ. ಕೊನೆಯ ಸಾಲಿನ ತನಕ ಓದುವವಳು ಎಂದು ನನಗೆ ನಾನೇ ಹೆಸರಿಟ್ಟುಕೊಂಡಿದ್ದೆ.

ಜನವರಿ 22

ಹೋಗಲಿಲ್ಲ. ಇವತ್ತೂ.

ಅವ್ವ ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಕೂಡಿಸುತ್ತಿದ್ದಾಳೆ. ನೇಯ್ದು ಮುಗಿದ ಹಾಸಿನ ತುದಿ ಮಗ್ಗದಲ್ಲೇ ಇರುತ್ತದೆ. ಅದರ ಒಂದೊಂದು ಎಳೆಗೂ ಹೊಸ ಎಳೆ ಹೊಸೆಯಬೇಕು. ಎದುರು ಕೂತೆ. ಎಳೆ ಜಾರದಂತೆ ಬೆರಳಿಗೆ ಬೂದಿ ಮುಟ್ಟಿಸಿ, ಹೊಸೆದೆ.

"ಯಾಕ, ಮಾತ ಆಡವಲ್ಲಿ?"

"ಕಂಪ್ಯೂಟರ್ ಕೆಟ್ಟೈತಿ."

"ಬೀರ್ಯಾನ್ನ ಕರಿ."

"ಅವಂಗ ಬೈದೇನಿ."

"ಬೈದ್ರೇನಾತು? ನನಗೂ ದಿನಾ ಬೈತಿ. ನನ್ನ ಕೈಯಾಗಿನ ರೊಟ್ಟಿ ತಿನ್ನೂದು ಬಿಟ್ಟೀಯೇನು?"

ನಗು ಬರಲಿಲ್ಲ. ಬೆರಳುಗಳು ತಮ್ಮಷ್ಟಕ್ಕೆ ಹೊಸೆಯುತ್ತಿದ್ದವು. ಹಳೇ ಹಾಸನ್ನು ಪೂರ್ತಿ ಕೊಯ್ದು ತೆಗೆಯಬಾರದು — ಇದು ಸಣ್ಣವಳಿದ್ದಾಗಿಂದ ಗೊತ್ತು. ಮಗ್ಗದ ಮುಂದೆ ಮಾತ್ರ ಗೊತ್ತು.

ಜನವರಿ 24

ಹೋದೆ. ಹಣಮಪ್ಪ ಬಾಗಿಲಲ್ಲೇ ಹೊರಸಿನ ಮೇಲೆ ಕೂತಿದ್ದ. ಮೊದಲು ಕೆಮ್ಮು, ಆಮೇಲೆ ಮಾತು.

"ನನ್ನ ಎದಿ ಫೋಟೊ ಅಚ್ಚಾತೇನವಾ?"

"ಇನ್ನೂ ಇಲ್ರಿ."

"ಲಗೂ ಮಾಡು. ನಾ ನೋಡಬೇಕು."

ಬೀರಲಿಂಗ ಒಳಗಿನಿಂದ ಗುಳಿಗೆಯ ಡಬ್ಬಿ ತಂದ. ಒಳಗೆ ಹತ್ತಿ, ಹತ್ತಿಯ ಮೇಲೆ ಪ್ರೊಸೆಸರ್.

"ಆ ಬೋರ್ಡಿನ ಬಯೋಸ್ ಹಳೇದು. ಬರ್ತಿ ಅಂತ ಗೊತ್ತಿತ್ತು."

"ಗೊತ್ತಿದ್ರ ಅವತ್ತ ಹೇಳಬೇಕಿಲ್ಲೋ?"

"ಹೇಳಾಕ ನೀ ಎಲ್ಲಿ ಬಿಟ್ಟಿ?"

ಕೈ ಚಾಚಿದೆ. ಕೊಡಲಿಲ್ಲ. ಇಪ್ಪತ್ತಾರಕ್ಕೆ ರಜೆ ಇದೆ, ತಾನೇ ಬಂದು ಹಾಕುತ್ತೇನೆ ಎಂದ.

ಏಳನೇ ಪುಟದ ಬಗ್ಗೆ ನಾನು ಹೇಳಲಿಲ್ಲ.

ಜನವರಿ 26, ಮಧ್ಯಾಹ್ನ

ಬಂದ. ಹಳೆಯದನ್ನು ಕೂರಿಸಿದ. ಸ್ಕ್ರೀನ್ ಬೆಳಗಿತು. ಪೆನ್‌ಡ್ರೈವಿನಿಂದ ಅಪ್‌ಡೇಟ್. ನಡುವೆ ಕರೆಂಟು ಹೋದರೆ ಬೋರ್ಡೇ ಸತ್ತಂತೆ. ಇಬ್ಬರೂ ಬಲ್ಬ್ ನೋಡುತ್ತ ಕೂತೆವು. ಹೋಗಲಿಲ್ಲ.

ಹಳೆಯದು ತೆಗೆದು ಹೊಸದು ಹಾಕಿದ. ಆರನೇ ಪುಟ ತಡೆಯಿಲ್ಲದೆ ತೆರೆಯಿತು. ಅವನಪ್ಪನ ಎದೆ — ಪಕ್ಕೆಲುಬು, ಬಿಳಿ ಚುಕ್ಕೆ. ನೋಡಿದ. ಮೌಸ್ ಅವನ ಕೈಯಲ್ಲಿತ್ತು. ಕೆಳಗೆ ಸರಿಸಿದ.

ಏಳನೇ ಪುಟ. ಕೊನೆಯ ಸಾಲಿನ ತನಕ ಓದಿದ.

"ಅಚ್ಚಾದ ಮರುದಿನ ನನ್ನ ಕೆಲಸ ಹೋಗ್ತೈತಿ," ಎಂದ. "ಎಕ್ಸ್‌ರೇದಿಂದ. ಅದು ಗೊತ್ತಿದ್ದ ಕೊಟ್ಟಿದ್ದೆ. ಈ ಪ್ಯಾರಾ ಗೊತ್ತಿರ್ಲಿಲ್ಲ."

ಹಳೇ ಪ್ರೊಸೆಸರನ್ನು ಹತ್ತಿಯ ಮೇಲಿಟ್ಟು ಡಬ್ಬಿ ಮುಚ್ಚಿದ. "ಇದನ್ನ ಒಯ್ಯಲೋ, ಇಲ್ಲೇ ಇಡಲೋ?"

ಅಷ್ಟರಲ್ಲಿ ಅವ್ವ ರೊಟ್ಟಿಗೆ ಕರೆದಳು. ಅವನು ಡಬ್ಬಿ ಹಿಡಿದೇ ಒಳಗೆ ಹೋದ. ನಾನು ಇಲ್ಲಿ ಬರೆಯುತ್ತ ಕೂತಿದ್ದೇನೆ. ಪ್ಯಾರಾ ಎದುರಿಗೇ ಇದೆ. ಅಳಿಸಲು ಒಂದು ಕೀ ಸಾಕು. ಅಳಿಸಿದರೆ ರಾಜಿ. ಅಳಿಸದಿದ್ದರೆ... ಅದಕ್ಕೆ ಯಾವ ಕರಪತ್ರದಲ್ಲೂ ಪದ ಇಲ್ಲ.

"ಇನ್ನೊಂದು ಹಾಕ್ಕೊಳ್ಳೋ," ಅವ್ವ ಅನ್ನುತ್ತಿದ್ದಾಳೆ. "ಸಾಕ್ರಿ, ಬರ್ತೇನ್ರಿ." ಅವನು ಕೈ ತೊಳೆದ ಸದ್ದು.

ಚಪ್ಪಲಿ ಮೆಟ್ಟುತ್ತಿದ್ದಾನೆ. ಡಬ್ಬಿ ಅವನ ಕೈಯಲ್ಲೇ ಇದೆ. ಈ ಸಾಲು ಮುಗಿಸುವ ತನಕ ನಾನು ಏಳದಿದ್ದರೆ ಅವನು—